ಮುದುಕಮ್ಮನ ಡಬ್ಬಿ, ಶಬೀನಾಳ ಮೊದಲ ಬಸ್ಸು

ಯಲಬುರ್ಗಾ ಸೀಮೆಯ ಮಂಗಳೂರು ಎಂಬ ಹಳ್ಳಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ನರ್ಸ್ ಶಬೀನಾ ಆಗಲೇ ಮುದುಕಮ್ಮನ ಅಂಗಳದಲ್ಲಿ ನಿಂತಿದ್ದಾರೆ; ಅವರ ಬಗ್ಗೆ ಬರೆಯಲು ಬಂದ ನಾನೂ ಜೊತೆಗಿದ್ದೇನೆ. ಅಜ್ಜಿಯ ಬೆಳಗಿನ ಮೊದಲ ಮೂತ್ರ ಬೇಕು, ಅದೂ ಮಾತ್ರೆ ನುಂಗುವ ಮೊದಲು. ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ಕೊಪ್ಪಳದ ಮೊದಲ ಬಸ್ಸಿಗೆ ಒಯ್ಯಬೇಕು. ತಡವಾದರೆ ಪರೀಕ್ಷೆ ದಂಡ.

ಗಿಣಿಗೇರಾದ ಕಾರ್ಖಾನೆ ಕೂಲಿಯ ಮಗಳು ಶಬೀನಾ. ಈ ಊರಿನ ವಯಸ್ಸಾದವರ ಉರಿಮೂತ್ರವೇ ಅವರಿಗೆ ದೊಡ್ಡ ತಲೆನೋವು. "ಸಂಡಾಸದಾಗ ಒಲಿಗೆ ಹಾಕೋ ಸಗಣಿ ಕುಳ್ಳು ಒಟ್ಟಿರ್ತಾರ್ರಿ. ಕತ್ತಲದಾಗ ಹೊರಗ ಹೋಗಾಕ ಅಂಜಿ ಮುದುಕ್ಯಾರು ಸಂಜಿಯಿಂದ ನೀರ ಕುಡಿಯಂಗಿಲ್ಲ. ಉರಿ ಬರದ ಇನ್ನೇನ್ ಬರ್ತೈತಿ?"

ಮುದುಕಮ್ಮನದು ಇನ್ನೂ ಸೂಕ್ಷ್ಮ. ಹೋದ ವರ್ಷ ಪಕ್ಕದ ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ನುಂಗಿ, ಭೇದಿ ಹತ್ತಿ, ಸಾವಿನ ಬಾಗಿಲು ತಟ್ಟಿ ಬಂದವರು. ಸಕ್ಕರೆ ಕಾಯಿಲೆ ಇದೆ, ಕಿಡ್ನಿಯೂ ಸೋತಿದೆ. ಈಗ ಮತ್ತೆ ಉರಿ. ಇನ್ನೊಮ್ಮೆ ತಪ್ಪು ಮಾತ್ರೆ ಬಿದ್ದರೆ ಜೀವ ತಡೆಯದು ಎಂದು ವೈದ್ಯರು ಹೇಳಿದ್ದಾರೆ. ಯಾವ ಔಷಧ ಸರಿ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ಪರೀಕ್ಷೆ ಒಮ್ಮೆ ಆಗಿತ್ತು ಮಾರಾಯರೆ! ಸೋಂಕೇ ಇಲ್ಲ ಎಂದು ವರದಿ ಬಂತು. ಇತ್ತ ಅಜ್ಜಿ ಉರಿಗೆ ಹಲ್ಲು ಕಚ್ಚುತ್ತಿದ್ದಾರೆ. ವೈದ್ಯರಿಗೂ ಬಗೆಹರಿಯಲಿಲ್ಲ. ನಿನ್ನೆ ಶಬೀನಾ ಪಕ್ಕದಲ್ಲಿ ಕೂತು ಕೇಳಿದರು: "ಆಯಿ, ಖರೇ ಹೇಳು. ಡಬ್ಬ್ಯಾಗಿಂದು ನಿಂದ ಏನು?"

ಮುದುಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಂದು ನಾರತೈತವ್ವ. ನಿನ್ನ ಕೈಯಾಗ ಹೆಂಗ ಕೊಡ್ಲಿ? ಸೊಸಿದು ಕೊಟ್ಟೆ. ಭಾಳ ಛಲೋ ಇತ್ತು."

"ಅತ್ತಿ ಕಾಲಿಗೆ ಬೀಳಾಕ ಬಂದ್ರು, ನಾ ಏನ್ ಮಾಡ್ಲಿರಿ?" ಎಂದು ಸೊಸೆ ಗೀತಾ ತಲೆ ತಗ್ಗಿಸಿದರು. ಶಬೀನಾ ಬೈಯಲಿಲ್ಲ. ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ನರ್ಸಿಗೆ ಮರ್ಯಾದೆ ಕೊಡಲು ಹೋಗಿ ಜೀವಕ್ಕೇ ಕುತ್ತು ತಂದುಕೊಂಡಿದ್ದರಲ್ಲ ಅಜ್ಜಿ.

ಅದಕ್ಕೇ ಈ ಬೆಳಗು ಎರಡನೆಯ ಡಬ್ಬಿ. ವರದಿಗೆ ಕಾಯುವಷ್ಟು ಸಮಯವಿಲ್ಲ, ಡಬ್ಬಿ ಕೊಟ್ಟ ಮೇಲೆ ಇವತ್ತೇ ಕಿಡ್ನಿಗೆ ತಾಳುವ ಪ್ರಮಾಣದಲ್ಲಿ ಔಷಧ ಶುರು, ವರದಿ ಬಂದ ಮೇಲೆ ಬೇಕಾದರೆ ಬದಲು ಎಂದಿದ್ದಾರೆ ವೈದ್ಯರು. ಸಂಡಾಸದ ಕುಳ್ಳನ್ನು ಗೀತಾ ನಿನ್ನೆಯೇ ಹಿತ್ತಲಿಗೆ ಹಾಕಿದ್ದಾರೆ.

ಮುದುಕಮ್ಮ ಸೆರಗಿನ ಮರೆಯಲ್ಲಿ ಡಬ್ಬಿ ಹಿಡಿದು ಬರುತ್ತಾರೆ. "ಈ ಸಲ ನಂದ ಐತಿ. ಮೂಗ ಮುಚ್ಚಿಗೋ."

ಶಬೀನಾ ಮುಚ್ಚಿಕೊಳ್ಳುವುದಿಲ್ಲ. ಡಬ್ಬಿಯನ್ನು ಐಸ್ ಮೇಲೆ ಇಡುತ್ತಾರೆ. ನಿಮಗೇನು ಆಸೆ ಎಂದು ನಾನು ಕೇಳಿದರೆ ನನ್ನತ್ತ ತಿರುಗುತ್ತಾರೆ. "ನಾನೂ ಒಂದಿನ ಮುದುಕಿ ಆಗಾಕೀನರಿ. ನನ್ನ ಡಬ್ಬಿ ಒಯ್ಯಾಕ ಬರಾಕಿ ಮೂಗ ಮುರೀಬಾರ್ದು. ಅಷ್ಟ ಸಾಕು."

"ಆಕಿ ಬರ್ಲಿಲ್ಲಂದ್ರ ನಾನ ಒಯ್ತೀನಿ ತಗಿ," ಎನ್ನುತ್ತಾರೆ ಮುದುಕಮ್ಮ. "ಅಲ್ಲೀಮಟ ನನ್ನ ಉಳಸು."