ಮುಜಫ್ಫರ್ ಸಾಹೇಬರ ನೂರಕ್ಕೆ ನೂರು

ವಿಸಿಆರ್ ಬಂದ ಹೊಸತರಲ್ಲಿ, ಸಂಜಯನಗರದ ಸೊಣ್ಣಪ್ಪನ ವಿಡಿಯೊ ಅಂಗಡಿಯಲ್ಲಿ ಮುಜಫ್ಫರ್ ಸಾಹೇಬರು ಪಾಸು ಮಾಡದ ಕ್ಯಾಸೆಟ್ಟನ್ನು ನಾವ್ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಹೆಬ್ಬಾಳದ ಟೆಂಟಿನಲ್ಲಿ ಇಪ್ಪತ್ತು ವರ್ಷ ಸಿನಿಮಾ ಓಡಿಸಿದ್ದ ಸಾಹೇಬರು ಎಂಥ ಹಾಸ್ಯಚಿತ್ರ ಹಾಕಿದರೂ ಟಿವಿಗೆ ಮೂಗು ತಾಗಿಸಿ ಕೂರುವರು, ನಗುವುದಿಲ್ಲ. ನಾವು ನಕ್ಕರೆ, "ಸುಮ್ನಿರ್ರಿ, ಕಪ್ಪು ಎಷ್ಟು ಕಪ್ಪಗಿದೆ ಅಂತ ನೋಡ್ತಿದೀನಿ" ಎಂದು ಗದರುವರು. ನಾಯಕನ ಮೀಸೆಯ ಕೂದಲು ಎಣಿಸಲು ಬಾರದಿದ್ದರೆ ಫೇಲು. ಮದುವೆಮನೆಯ ಲಾಡು ಬೋಂಡಾದ ಹಾಗೆ ಕಂಡರೆ ಹತ್ತು ಮಾರ್ಕು ಕಟ್. ಅಂಥವರು ಒಂದೇ ಒಂದು ಹಳೇ ಕ್ಯಾಸೆಟ್ಟಿಗೆ ನೂರಕ್ಕೆ ನೂರು ಕೊಟ್ಟಿದ್ದರು. ಅದರಲ್ಲಿ ದಪ್ಪ ಮಾವ ಬಾವಿಕಟ್ಟೆಯ ಮೇಲೆ ನಿಂತಿರುತ್ತಾನೆ, ಮರುಕ್ಷಣ ತೊಯ್ದು ತೊಪ್ಪೆಯಾಗಿ ಮೇಲೆ ಬರುತ್ತಾನೆ, ಬೀಳುವುದೇ ಇಲ್ಲ. "ಏನ್ ಸಾಹೇಬ್ರೇ, ಬೀಳೋದೇ ಹಾರೋಗಿದೆಯಲ್ಲ?" ಎಂದರೆ, ನಶ್ಯದ ಡಬ್ಬಿಯಿಂದ ಗೇಣುದ್ದದ ಫಿಲ್ಮ್ ತುಂಡು ತೆಗೆದು ಟ್ಯೂಬ್‌ಲೈಟಿಗೆ ಹಿಡಿಯುವರು. ಹನ್ನೆರಡು ಚೌಕದಲ್ಲೂ ಮಾವ ಗಾಳಿಯಲ್ಲೇ ಇದ್ದಾನೆ. "ಈ ಕ್ಯಾಸೆಟ್ಟು ಇಳಿಸಿರೋದು ನಾನು ಟೆಂಟಲ್ಲಿ ಓಡಿಸಿದ ಪ್ರಿಂಟಿಂದ್ಲೇ ಕಣ್ರೀ. ಅವತ್ತು ರೀಲು ಹರೀತು, ಜನ ಕೂಗ್ತಿದ್ರು, ಇಷ್ಟನ್ನ ಬಿಟ್ಟು ಅಂಟಿಸ್ಬಿಟ್ಟೆ." ಆಮೇಲೆ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಪ್ರತಿಸಲವೂ ಮೆಲ್ಲಗೆ ಕೇಳುವರು: "ಸೊಣ್ಣಪ್ಪ, ಇದರೊಳಗೆ ಎಲ್ಲಿ ಅಂಟಿಸೋದಪ್ಪ?"