ಪುಕ್ಕಟೆ ಕಾವಲುಗಾರ

ನಾನು ದೇವರನ್ನೂ ದಾಖಲೆ ಕೇಳುವವನು. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ್ದರ ಫಲ. ಆದರೆ ಫೋನು 'ಒಪ್ಪುತ್ತೀರಾ?' ಎಂದು ಕೇಳಿದರೆ ಮಾತ್ರ, ಕನ್ಯೆ ನೋಡಲು ಹೋದ ಮೊದಲ ಮನೆಯ ಉಪ್ಪಿಟ್ಟಿಗೇ ತಲೆಯಾಡಿಸಿದ ವರನಂತೆ, ಓದದೆ ಒಪ್ಪಿಬಿಡುತ್ತೇನೆ.

ನಾನು ಅತಿ ಹೆಚ್ಚು ಸಂಶಯಪಡುವುದು ನನ್ನ ನೆನಪನ್ನೇ. ನಮ್ಮ ಹಳೆಯ ತಾರ್ಕಿಕರು ಸ್ಮೃತಿಯನ್ನು ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸಲಿಲ್ಲ. ನನ್ನದನ್ನು ನೋಡಿದ್ದರೆ ಅಂಗಳಕ್ಕೂ ಬಿಡುತ್ತಿರಲಿಲ್ಲ. ಹೆಂಡತಿ ವಿಮಲಾ ಗೋವಾದ ವಾಸ್ಕೋದಲ್ಲಿ ಸರಕು ಸಾಗಣೆಯ ಕಚೇರಿಯೊಂದರಲ್ಲಿದ್ದಾಳೆ. ಸಂಜೆ ಅವಳನ್ನು ಸ್ಕೂಟರಿನಲ್ಲಿ ಕರೆತರುವುದು ನನ್ನ ಪಾಲು. ಬಂದರಿನ ಗೇಟಿಗೆ ಬಾ ಅಂದಳೋ, ರೈಲ್ವೆ ನಿಲ್ದಾಣಕ್ಕೋ, ದಾರಿಯಲ್ಲೇ ಮರೆತುಹೋಗುತ್ತಿತ್ತು. ಅದಕ್ಕೇ ಇಬ್ಬರ ಫೋನಿಗೂ ಒಂದು ಪುಕ್ಕಟೆ ಆಪ್ ಹಾಕಿದೆ. ಅವಳು ಎಲ್ಲಿದ್ದರೂ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆ.

ನಿಮ್ಮ ಬಳಗಕ್ಕೆ ಯಾರ್ಯಾರನ್ನು ಕರೆಯಲಿ ಎಂದು ಅವಳ ಫೋನಿನಲ್ಲಿ ಆಪು ಕೇಳಿತು. ನಾವು ಮೂಲತಃ ಧಾರವಾಡದವರು. ಕರೆಯುವುದೆಂದರೆ ಇಡೀ ಓಣಿಯನ್ನೇ ಕರೆಯಬೇಕು. ಒಂದು ಮನೆ ಬಿಟ್ಟರೂ ಮೊಮ್ಮಕ್ಕಳ ಮದುವೆಯವರೆಗೆ ಮಾತು ನಿಲ್ಲದು. 'ಎಲ್ಲರೂ' ಎಂಬುದನ್ನು ಒತ್ತಿದೆ. ಆ ಎಲ್ಲರಲ್ಲಿ ಅವಳ ಮ್ಯಾನೇಜರನೂ ಇದ್ದ. ಮೊದಲು ಕರೆ ಒಪ್ಪಿಕೊಂಡವನೂ ಅವನೇ.

ಚುಕ್ಕೆ ನಮ್ಮಿಬ್ಬರಿಗೇ ಕಾಣುತ್ತದೆಂದು ನಂಬಿದ್ದ ವಿಮಲಾ, ಜ್ವರವೆಂದು ರಜೆ ಹಾಕಿ, ವೆರ್ಣಾದ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋದಳು. ಹೊಸ ಕೆಲಸ ಇನ್ನೂ ಕೈಗೆ ಬಂದಿರಲಿಲ್ಲ, ಹಳೆಯದು ಅಲುಗಾಡಿತು. ಮರುದಿನ ಮ್ಯಾನೇಜರ ಮೆತ್ತಗೆ ಕೇಳಿದನಂತೆ: "ಏನ್ರಿ ವಿಮಲಾಬಾಯಾರ, ನಿಮ್ಮ ಜ್ವರ ವೆರ್ಣಾಕ್ಕ ಹೋಗಿತ್ತೇನ್ರಿ?"

ಮನೆಗೆ ಬಂದು ಅವಳು ಕೂಗಾಡಲಿಲ್ಲ. ಚಹಾಕ್ಕಿಟ್ಟು ಅಂದಳು: "ನಿಮ್ಮ ನೆಪ್ಪಿಗೆ ಗಂಟಿ ಬೇಕಂದ್ರ, ನನ್ನ ಕೊರಳಿಗೆ ಯಾಕ ಕಟ್ಟಿದ್ರಿ?"

ಆಪನ್ನು ಕಿತ್ತುಹಾಕಿದೆ. ಪ್ರಸಾದ ತಿಂದ ಮೇಲೆ ಸತ್ಯನಾರಾಯಣನ ಕಥೆ ಕೇಳುವವನಂತೆ, ಆಗ ಅದರ ಷರತ್ತುಗಳನ್ನು ಓದಿದೆ. ವಿಮಲಾಳ ಓಡಾಟವೆಲ್ಲ ಯಾವುದೋ ದೇಶದ ಕಂಪ್ಯೂಟರಿನಲ್ಲಿ ಕೂತಿದೆ. ಅದನ್ನು ಬೇಕಾದವರಿಗೆ ಮಾರಬಹುದೆಂದು ನಾನೇ ಒಪ್ಪಿದ್ದೇನೆ. ಆಪು ಹೋದರೂ ಅದು ಹೋಗದು. ನಮ್ಮ ಮನೆಗೆ ಯಾವಾಗ ಬೀಗ ಬೀಳುತ್ತದೆಂದು ತಿಳಿಯಲು ಕಳ್ಳನಿಗೂ ಅಷ್ಟು ಸಾಕು. ಕಾವಲುಗಾರ ಪುಕ್ಕಟೆ ಸಿಕ್ಕರೆ ಅವನ ಸಂಬಳ ಬೇರೆ ಯಾರೋ ಕೊಡುತ್ತಿರುತ್ತಾರೆ. ಇದೊಂದರಲ್ಲಿ ನನಗೆ ಸಂಶಯವಿಲ್ಲ. ಅಂಥ ಕಾವಲಿಗಿಂತ ನನ್ನ ಮರೆವೇ ವಾಸಿ. ಅದು ಯಾರಿಗೂ ಚಾಡಿ ಹೇಳುವುದಿಲ್ಲ.

ಮೊನ್ನೆ ವೆರ್ಣಾದಿಂದ ಎರಡನೇ ಸಲ ಕರೆ ಬಂತು. ಹೋಗಬೇಕಾದ ದಿನ ಯಾವುದೆಂದು ವಿಮಲಾ ತನ್ನ ತಂಗಿಗೂ ಹೇಳಲಿಲ್ಲ, ನನಗೊಬ್ಬನಿಗೇ ಹೇಳಿದಳು. ಇಷ್ಟಾದ ಮೇಲೂ ನನ್ನ ಮೇಲೆ ಇಂಥ ನಂಬಿಕೆಯೇ ಎಂದು ಉಬ್ಬಿಹೋದೆ.

"ಹೂಂ," ಅಂದಳು. "ನಿಮಗ ಹೇಳಿದ್ದು ನಾಳಿಗೆ ನಿಮಗೂ ಗೊತ್ತಿರೂದಿಲ್ಲ."