ಮಗ್ಗದ ಶೆಡ್ಡಿನ ಮೆಸ್

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ನಾಲ್ಕು ಮಗ್ಗಗಳನ್ನು ಗುಜರಿಯವರು ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋದ ದಿನ ನಮ್ಮ ಯಜಮಾನರು ಮನೆಯಲ್ಲಿರಲಿಲ್ಲ. ಘಾಟಿಯ ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಬೆಳಿಗ್ಗೆಯೇ ಹೊರಟಿದ್ದರು. ಶೆಡ್ಡಿನ ಬೀಗ ತೆಗೆದುಕೊಟ್ಟವಳು ನಾನು. ಮಗ್ಗಗಳನ್ನು ಬಿಚ್ಚಿ ಸಾಗಿಸಿದ ಮೇಲೆ ನೆಲದ ತುಂಬ ಬೋಲ್ಟು ಕಿತ್ತ ತೂತುಗಳು, ಮೂಲೆಯಲ್ಲಿ ಒಂದಿಷ್ಟು ರೇಷ್ಮೆ ನೂಲಿನ ಚೂರು ಉಳಿದಿದ್ದವು. ಗುಡಿಸಲು ಮನಸ್ಸಾಗದೆ ಬಾಗಿಲು ಎಳೆದುಕೊಂಡು ಬಂದೆ.

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಬದುಕಿದವರಿಗೆ ಮಗ್ಗದ ಸದ್ದು ಸದ್ದೆಂದು ಕೇಳುವುದೇ ಇಲ್ಲ. ಕರೆಂಟು ಹೋದಾಗ ಮಾತ್ರ ಕಿವಿಗೆ ಏನೋ ಆದಂತಾಗುತ್ತಿತ್ತು. ನಾನು ಮದುವೆಯಾಗಿ ಬಂದಾಗ ನಮ್ಮ ಬೀದಿಯಲ್ಲಿ ಎರಡೂ ಕಡೆ ಮಗ್ಗಗಳಿದ್ದವು. ಆಮೇಲೆ ಸೂರತ್ತಿನ ಅಗ್ಗದ ಸೀರೆಗಳು ಬಂದವು, ನೂಲಿನ ಬೆಲೆ ಏರಿತು, ಪೇಟೆಯ ವ್ಯಾಪಾರಿಗಳು ನಮ್ಮ ಸೀರೆ ಕೇಳುವುದನ್ನು ಬಿಟ್ಟರು. ನಮ್ಮಲ್ಲಿ ಮೊದಲು ಎರಡು ಮಗ್ಗ ನಿಂತವು, ಮುಂದಿನ ವರ್ಷ ಉಳಿದೆರಡೂ ನಿಂತವು. ಯಜಮಾನರು ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಆ ಶೆಡ್ಡಿನಲ್ಲೇ ನಿಂತವರು. ಮಗ್ಗ ಹೋದ ಮೇಲೆ ಬೆಳಗಿನ ಪೇಪರನ್ನು ಮನೆಯಲ್ಲೊಮ್ಮೆ, ಟೀ ಅಂಗಡಿಯಲ್ಲೊಮ್ಮೆ ಓದತೊಡಗಿದರು. ಯಲಹಂಕದ ಕಡೆ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಇದೆಯೆಂದು ಯಾರೋ ಹೇಳಿದಾಗ, ಕೇಳಿಸಲೇ ಇಲ್ಲವೆಂಬಂತೆ ಎದ್ದು ಹೋದರು.

ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಕಾರ್ಖಾನೆ ಏಳುತ್ತಿದ್ದದ್ದು ಆ ಹೊತ್ತಿನಲ್ಲೇ. ಬಹಳ ದಿನ ಬರೀ ಕಾಂಪೌಂಡ್ ಗೋಡೆ ಇತ್ತು. ಆಮೇಲೆ ನೀಲಿ ಶೀಟಿನ ದೊಡ್ಡ ಛಾವಣಿ ಎದ್ದಿತು, ರಸ್ತೆಗೆ ಡಾಂಬರು ಬಿತ್ತು. ಯಜಮಾನರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಇಂಥವು ಎಷ್ಟೋ ಬಂದು ಹೋಗಿವೆ ಎನ್ನುತ್ತಿದ್ದರು. ಅವರು ಹೇಳಿದ್ದೂ ಸುಳ್ಳಲ್ಲ. ಒಂದು ಗಾರ್ಮೆಂಟ್ಸ್ ನಮ್ಮ ಕಣ್ಣೆದುರೇ ಶುರುವಾಗಿ ನಮ್ಮ ಕಣ್ಣೆದುರೇ ಬೀಗ ಹಾಕಿಕೊಂಡಿತ್ತು.

ಆ ಗಾರ್ಮೆಂಟ್ಸಿನಲ್ಲಿ ಕೆಲಸ ಕಳೆದುಕೊಂಡಿದ್ದ ಪಕ್ಕದ ಮನೆಯಾಕೆ ಒಂದು ದಿನ ನಲ್ಲಿಯ ಹತ್ತಿರ ಸುದ್ದಿ ತಂದಳು. ಸ್ಕೂಟರ್ ಕಾರ್ಖಾನೆಯಲ್ಲಿ ವೈರು ಜೋಡಿಸಲು ಹೆಂಗಸರನ್ನೇ ತೆಗೆದುಕೊಳ್ಳುತ್ತಿದ್ದಾರಂತೆ. ಕಣ್ಣು ಚೆನ್ನಾಗಿರಬೇಕು, ಕೈ ನಡುಗಬಾರದು, ಅಷ್ಟೇ ಅಂತೆ. ನನಗೆ ಆಗಲೇ ನಲವತ್ತು ಹತ್ತಿರವಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆನೇ ಹೊರತು ಹೊರಗೆ ಎಲ್ಲೂ ದುಡಿದವಳಲ್ಲ. ನನ್ನ ಮನಸ್ಸಿನಲ್ಲಿದ್ದದ್ದನ್ನು ಅತ್ತೆಗೆ ಮಾತ್ರ ಹೇಳಿದೆ. ಅವರು ಸೊಪ್ಪು ಬಿಡಿಸುತ್ತ ಕೂತಿದ್ದರು.

“ನಿನ್ ಗಂಡನ್ನ ಕೇಳಿದ್ರೆ ಬ್ಯಾಡ ಅಂತಾನೆ. ಬ್ಯಾಡ ಅಂದ್ಮೇಲೆ ಹೋದ್ರೆ ಜಗಳ ಆಗ್ತದೆ. ಕೇಳ್ದೇ ಹೋಗ್ಬಾ. ಕೆಲ್ಸ ಸಿಗ್ಲಿಲ್ಲ ಅಂದ್ರೆ ಯಾರ್ಗೂ ಗೊತ್ತಾಗಲ್ಲ” ಎಂದರು.

ಪಕ್ಕದ ಮನೆಯಾಕೆಯ ಜೊತೆ ಹೋದೆ. ಒಂದು ಹಲಗೆಯ ಮೇಲೆ ಬಣ್ಣಬಣ್ಣದ ವೈರುಗಳಿದ್ದವು. ಒಂದರ ತುದಿಯನ್ನು ಇನ್ನೊಂದರೊಳಗೆ ಟಿಕ್ ಎನ್ನುವ ತನಕ ಒತ್ತಿ ಕೂಡಿಸಬೇಕಿತ್ತು. ಪರೀಕ್ಷೆ ಮಾಡಿದವನು ನನ್ನ ಅಕ್ಕನ ಮಗನ ವಯಸ್ಸಿನವನು. ನೆಲ ನೋಡಿಕೊಂಡೇ, ನಿಂತು ಕೆಲಸ ಮಾಡಲು ಆಗುತ್ತಾ ಮೇಡಂ ಎಂದು ಕೇಳಿದ. ಆಗುತ್ತೆ ಎಂದೆ. ಮೇಡಂ ಅನ್ನಿಸಿಕೊಂಡದ್ದು ಅದೇ ಮೊದಲಾದ್ದರಿಂದ ಏನು ಕೇಳಿದ್ದರೂ ಆಗುತ್ತೆ ಎಂದೇ ಹೇಳುತ್ತಿದ್ದೆನೇನೋ. ಸೋಮವಾರದಿಂದ ಬನ್ನಿ ಎಂದರು. ಪಕ್ಕದ ಮನೆಯಾಕೆಗೂ ಸಿಕ್ಕಿತು.

ಆ ಸಂಜೆ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅತ್ತೆ ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದರು. ಯಜಮಾನರು ಊಟ ಮುಗಿಸಿ ಕೈ ತೊಳೆದು ಬಂದು ನಿಂತರು.

“ಬಸ್ಸು ಎಲ್ಲಿಗೆ ಬರುತ್ತೆ?”

“ಗಣಪತಿ ಗುಡಿ ಹತ್ರಕ್ಕೆ. ಬೆಳಿಗ್ಗೆ ಆರಕ್ಕೆ.”

“ಹಂಗಾದ್ರೆ ನಾಕೂವರೆಗೆ ಏಳ್ಬೇಕು ನೀನು” ಎಂದವರು ಹೋಗಿ ಮಲಗಿದರು. ಅದಾದ ಮೇಲೆ ಒಂದಷ್ಟು ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಆದರೆ ಸೋಮವಾರ ನಾನು ಏಳುವ ಹೊತ್ತಿಗೆ ಬಚ್ಚಲ ಒಲೆ ಹೊತ್ತಿಸಿದ್ದರು.

ಕಾರ್ಖಾನೆಯಲ್ಲಿ ನನ್ನ ಸುತ್ತ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಸ್ಕೂಟರಿನ ಹೊಟ್ಟೆಯೊಳಗೆ ಬ್ಯಾಟರಿಯಿಂದ ದೀಪಕ್ಕೆ, ಬ್ರೇಕಿಗೆ, ಮೀಟರಿಗೆ ಹೋಗುವ ವೈರುಗಳ ಕಂತೆಯನ್ನು ಕೂರಿಸುವುದು ನಮ್ಮ ಕೆಲಸ. ಮೊದಲ ವಾರ ಅಂಗಾಲು ಸುಟ್ಟಂತೆ ಉರಿಯಿತು. ಹುಡುಗಿಯರು ಆಂಟಿ ಎನ್ನುತ್ತಿದ್ದರು, ಅದು ನಿಧಾನವಾಗಿ ಅಕ್ಕ ಆಯಿತು. ಹೆಚ್ಚಿನವರು ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯವರು. ಹೆಣ್ಣುಮಕ್ಕಳಿಗೆ ಮನೆ ಕೊಡಲು ಊರಿನವರು ಹಿಂದೆಮುಂದೆ ನೋಡುತ್ತಿದ್ದರಂತೆ. ರಾಯಚೂರಿನ ಹುಡುಗಿಯೊಬ್ಬಳು, ನನ್ನ ಎದುರಿಗೇ ನಿಂತು ಕೆಲಸ ಮಾಡುವವಳು, ನಾವು ಐದು ಮಂದಿ ಒಂದೇ ಕೋಣೆಯಲ್ಲಿದ್ದೇವೆ, ಅಲ್ಲಿ ನೀರಿಲ್ಲ, ನಿಮ್ಮ ಬೀದಿಯಲ್ಲಿ ಏನಾದರೂ ಇದ್ದರೆ ಹೇಳಿ ಎಂದು ಕೇಳಿದಳು. ನನಗೆ ತಕ್ಷಣ ನೆನಪಾದದ್ದು ನಮ್ಮ ಶೆಡ್ಡು.

ಯಜಮಾನರು ಆಗುವುದಿಲ್ಲ ಎಂದರು. ಒಂದು ವಾರ ಕಳೆದಿರಬೇಕು. ಶಿಫ್ಟು ಮುಗಿಸಿ ಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಅವರು ಮಂಡಿಯೂರಿ ಕೂತು, ಬೋಲ್ಟು ಕಿತ್ತ ತೂತುಗಳಿಗೆ ಒಂದೊಂದಾಗಿ ಸಿಮೆಂಟು ತುಂಬುತ್ತಿದ್ದರು. ನಾನು ಟೀ ತಂದು ಪಕ್ಕದಲ್ಲಿಟ್ಟೆ. “ಹೆಣ್ಮಕ್ಳು ಓಡಾಡೋ ಜಾಗ, ಕಾಲು ಸಿಕ್ಕೊಂಡೀತು” ಎಂದರು. ಆಮೇಲೆ ಗೋಡೆಗೆ ಸುಣ್ಣ ಬಳಿದವರೂ ಅವರೇ, ಅಡ್ಡಗೋಡೆ ಕಟ್ಟಿಸಿದವರೂ ಅವರೇ.

ಹುಡುಗಿಯರು ಬಂದ ಮೇಲೆ ನಮ್ಮ ಬೀದಿಯ ಬೆಳಗೇ ಬೇರೆಯಾಯಿತು. ಬೇರೆ ಮನೆಯವರೂ ನಮ್ಮನ್ನು ನೋಡಿ ತಮ್ಮ ಖಾಲಿ ಶೆಡ್ಡುಗಳನ್ನು ಕೊಟ್ಟರು. ಮೂಲೆಯಲ್ಲಿ ಮುಚ್ಚಿದ್ದ ಅಂಗಡಿ ತೆರೆದು ಶಾಂಪೂ, ಮೊಬೈಲ್ ಚಾರ್ಜರು ಮಾರತೊಡಗಿತು. ಟೀ ಅಂಗಡಿಯವನು ಐದು ಗಂಟೆಗೇ ಒಲೆ ಹಚ್ಚುತ್ತಿದ್ದ. ರಾಗಿ ಬಿಟ್ಟು ಬೇರೆ ಬೀಸಿ ಗೊತ್ತಿಲ್ಲದ ಹಿಟ್ಟಿನ ಗಿರಣಿಯವನು ಜೋಳ ಬೀಸಿದ್ದನ್ನು ನಾನು ನೋಡಿದ್ದು ಆಗಲೇ.

ಮಳೆಗಾಲದಲ್ಲಿ ರಾಯಚೂರಿನ ಹುಡುಗಿಗೆ ಜ್ವರ ಬಂತು. ನಾನೂ ಉಳಿದ ಹುಡುಗಿಯರೂ ಕೆಲಸಕ್ಕೆ ಹೋಗಿದ್ದೆವು. ಅತ್ತೆಗೆ ಮಂಡಿನೋವು, ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಕೂತಲ್ಲಿಂದಲೇ ಮಗನಿಗೆ ಹೇಳಿಕೊಡುತ್ತ ಗಂಜಿ ಮಾಡಿಸಿದರಂತೆ, ಮಧ್ಯಾಹ್ನಕ್ಕೆ ಮೆಣಸಿನ ಸಾರು ಮಾಡಿಸಿದರಂತೆ. ಹುಡುಗಿ ಗುಣವಾಗುವ ತನಕ ಅದೇ ನಡೆಯಿತು. ಎದ್ದು ಓಡಾಡುವಂತಾದ ಮೇಲೆ ಅವಳು ಯಜಮಾನರ ಎದುರು ಬಂದು ನಿಂತು, “ಕಾಕಾ, ದುಡ್ಡು ಕೊಡ್ತೀವ್ರಿ, ದಿನಾ ನಮಗೂ ಅಡಿಗಿ ಮಾಡ್ತೀರೇನು? ಹೋಟೆಲ್ ಊಟ ಉಂಡು ಸಾಕಾಗೈತಿ” ಎಂದಳು. ಅವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. “ಮಾಡ್ತಾನೆ, ಬನ್ರಮ್ಮ” ಎಂದು ಅತ್ತೆಯೇ ಒಪ್ಪಿಸಿಬಿಟ್ಟರು.

ಅನ್ನ, ಸಾರು, ಮುದ್ದೆ ಅವರ ಕೈಗೆ ಬೇಗ ಹತ್ತಿತು. ಹುಡುಗಿಯರಿಗೆ ಬೇಕಾದದ್ದು ರೊಟ್ಟಿ. ಒಂದು ಭಾನುವಾರ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ರಾಯಚೂರಿನ ಹುಡುಗಿ ಅವರಿಗೆ ಜೋಳದ ರೊಟ್ಟಿ ಹೇಳಿಕೊಡುತ್ತಿದ್ದಳು. ಅವರು ತಟ್ಟಿದ ರೊಟ್ಟಿ ಒಂದಾದ ಮೇಲೊಂದು ಹರಿದುಹೋಗುತ್ತಿತ್ತು.

“ಕಾಕಾ, ಹಂಗ ಬಡೀಬ್ಯಾಡ್ರಿ, ಸಾವಕಾಶ ತಟ್ರಿ. ಇದು ನಿಮ್ಮ ಮಗ್ಗ ಅಲ್ರಿ.”

ಆ ಹುಡುಗಿ ಗೊತ್ತಿಲ್ಲದೆ ಆಡಿದ ಮಾತು, ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಒದ್ದೆ ಸೀರೆ ಹಿಡಿದುಕೊಂಡೇ ಎದ್ದು ನಿಂತೆ. ಆಗ ಅವರು ನಕ್ಕದ್ದು ಕೇಳಿಸಿತು. ಮಗ್ಗ ಹೋದ ಮೇಲೆ ಅವರು ಹಾಗೆ ಹೊಟ್ಟೆ ತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಒಳಗೆ ಹೋಗಲಿಲ್ಲ. ಅಲ್ಲೇ ಕೂತು ಆ ಸೀರೆಯನ್ನು ಇನ್ನೊಂದು ಸಲ ಒಗೆದೆ.

ದಸರಾ ಹೊತ್ತಿಗೆ ಅಕ್ಕಪಕ್ಕದ ಮನೆಗಳ ಹುಡುಗಿಯರೂ ಊಟಕ್ಕೆ ಬರತೊಡಗಿದರು. ಬೋರ್ಡು ಹಾಕಲಿಲ್ಲ. ಎಲ್ಲರೂ ಮಗ್ಗದ ಶೆಡ್ಡಿನ ಮೆಸ್ ಎಂದು ತಾವೇ ಹೆಸರಿಟ್ಟುಕೊಂಡರು.

ಮುಂದಿನ ಬೇಸಿಗೆಯಲ್ಲಿ ಕಾರ್ಖಾನೆ ನಿಂತಿತು. ಯಾವುದೋ ಬಿಡಿಭಾಗ ಹೊರದೇಶದಿಂದ ಬರಬೇಕಿತ್ತು, ಬರಲಿಲ್ಲ. ಸಾಮಾನು ಬಂದ ಕೂಡಲೇ ಫೋನ್ ಮಾಡುತ್ತೇವೆ, ಅಲ್ಲಿಯ ತನಕ ಮನೆಯಲ್ಲಿರಿ ಎಂದು ನಮ್ಮನ್ನೆಲ್ಲ ಕಳಿಸಿದರು. ಹುಡುಗಿಯರು ಬ್ಯಾಗು ಕಟ್ಟಿಕೊಂಡು ಊರಿಗೆ ಹೊರಟರು. ರಾಯಚೂರಿನ ಹುಡುಗಿ ತನ್ನ ರೊಟ್ಟಿಯ ಹಂಚು, ಹಿಟ್ಟು ನಾದಿ ತಟ್ಟುವ ಮರದ ಕೊಣಮಿಗೆಯನ್ನು ನಮ್ಮಲ್ಲೇ ಬಿಟ್ಟು ಹೋದಳು. ಬೀದಿ ಮತ್ತೆ ಮೊದಲಿನಂತಾಯಿತು. ನಾನು ಮನೆಯೊಳಗೇ ಅತ್ತಿತ್ತ ಓಡಾಡಿದೆ. ಪಕ್ಕದ ಮನೆಯಾಕೆ ದಿನಕ್ಕೆರಡು ಸಲ ಬಂದು ಫೋನ್ ಬಂತಾ ಎಂದು ಕೇಳುತ್ತಿದ್ದಳು. ಯಜಮಾನರು ನಾನು ಮೊದಲೇ ಹೇಳಿದ್ದೆ ಎನ್ನುತ್ತಾರೆಂದು ಕಾಯುತ್ತಿದ್ದೆ. ಹಾಗೆ ಅಂದುಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ಅವರು ಅನ್ನಲಿಲ್ಲ.

ಒಂದು ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸುತ್ತ ಕೂತಿದ್ದರು. ಯಾರಿಗೆ ಎಂದು ಕೇಳಿದೆ.

“ಬಸ್‌ಸ್ಟ್ಯಾಂಡ್ ಹತ್ರ ಆಟೋದವ್ರಿಗೆ. ಒಲೆ ತಣ್ಣಗೆ ಬಿಟ್ರೆ ಮತ್ತೆ ಹಚ್ಚೋಕೆ ಮನಸ್ಸು ಬರಲ್ಲ ಕಣೆ. ಮಗ್ಗದಲ್ಲಿ ಹಂಗೇ ಆಗಿದ್ದು ನಂಗೆ.” ನಿಂಬೆಹಣ್ಣು ಹಿಂಡುತ್ತ, “ಕಾರ್ಖಾನೆಯವ್ರು ಫೋನ್ ಮಾಡ್ತೀವಿ ಅಂತಾದ್ರೂ ಅಂದವ್ರೆ. ಕಾಯಣ” ಎಂದರು.

ನಾನೂ ಈರುಳ್ಳಿ ಹೆಚ್ಚಲು ಕೂತೆ. ಅಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಒಂದೇ ಕೆಲಸ ಮಾಡಿದ್ದು ಆ ಬೇಸಿಗೆಯಲ್ಲೇ. ಪಾತ್ರೆಯನ್ನು ಹಳೆಯ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಒಂದೊಂದು ದಿನ ಅರ್ಧ ವಾಪಸ್ಸು ಬರುತ್ತಿತ್ತು, ಅದನ್ನೇ ನಾವು ಮೂವರೂ ತಿನ್ನುತ್ತಿದ್ದೆವು.

ಮಳೆ ಶುರುವಾಗುವಾಗ ಫೋನ್ ಬಂತು. ಎಲ್ಲರನ್ನೂ ಕರೆಯಲಿಲ್ಲ. ನನ್ನನ್ನು ಕರೆದರು, ಪಕ್ಕದ ಮನೆಯಾಕೆಯನ್ನು ಕರೆಯಲಿಲ್ಲ. ಅವಳು ಎರಡು ದಿನ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಯಜಮಾನರೇ ಹೋಗಿ, ಹುಡುಗಿಯರು ವಾಪಸ್ಸು ಬರುತ್ತಿದ್ದಾರೆ, ನನ್ನೊಬ್ಬನ ಕೈಲಿ ಆಗುವುದಿಲ್ಲ, ಬಂದು ಕೈ ಜೋಡಿಸಮ್ಮ ಎಂದು ಕರೆದುಕೊಂಡು ಬಂದರು. ಈಗ ಮೆಸ್ಸಿನ ಅರ್ಧ ಅವಳದ್ದೇ. ಸಾರಿನ ವಿಷಯಕ್ಕೆ ಇಬ್ಬರಿಗೂ ದಿನಾ ಜಗಳ.

ಆ ವರ್ಷದ ಆಯುಧಪೂಜೆಗೆ ಕಾರ್ಖಾನೆಯವರು ಮನೆಯವರನ್ನೂ ಕರೆದಿದ್ದರು. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅತ್ತೆಯ ಕೈ ಹಿಡಿದುಕೊಂಡು ಬಂದರು. ಸಾಲಾಗಿ ನಿಂತ ಸ್ಕೂಟರುಗಳಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮೋಟಾರಿಗೆ ತಾಮ್ರದ ತಂತಿ ಸುತ್ತುವ ಯಂತ್ರದ ಮುಂದೆ ಅವರು ಬಹಳ ಹೊತ್ತು ನಿಂತರು.

“ಅಮ್ಮಾ, ನೀನು ಕಂಡಿಕೆಗೆ ನೂಲು ಸುತ್ತುತಿದ್ದಂಗೇ ಐತೆ ನೋಡು” ಎಂದರು.

“ನನಗಿಂತ ಬಿರಬಿರನೆ ಸುತ್ತುತದೆ” ಎಂದರು ಅತ್ತೆ.

ಆಮೇಲೆ ನಾನು ನಿಲ್ಲುವ ಜಾಗಕ್ಕೆ ಕರೆದುಕೊಂಡು ಹೋದೆ. ಒಂದು ಕಂತೆ ವೈರು ಕೂರಿಸಿ ತೋರಿಸಿದೆ. ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದರು. ವೈರಿನ ಬಗ್ಗೆ ಏನೂ ಕೇಳಲಿಲ್ಲ. ನೆಲ ನೋಡಿದರು, ಅಕ್ಕಪಕ್ಕ ನೋಡಿದರು, ಕುರ್ಚಿ ಎಲ್ಲಿ ಎಂದು ಹುಡುಕುತ್ತಿದ್ದರೆಂದು ಆಮೇಲೆ ಹೊಳೆಯಿತು.

“ದಿನವೆಲ್ಲ ನಿಂತೇ ಇರ್ತೀಯಾ?”

“ಹೂಂ.”

“ಹೇಳ್ಲೇ ಇಲ್ಲ ನೀನು.”

“ನೀವೂ ನಿಂತೇ ನೇಯ್ತಿದ್ರಲ್ಲ” ಎಂದೆ. ಅವರು ತಲೆಯಾಡಿಸಿದರು.

ಈಗ ಹೊಸಬರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ಆರು ದಿನ ಯಜಮಾನರ ಅಡುಗೆಯನ್ನೇ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಮೆಸ್ಸಿಗೆ ರಜಾ, ಅವತ್ತು ಒಲೆಯ ಮುಂದೆ ನಾನು. ಉಪ್ಪಿಟ್ಟು ಮಾಡಿದರೆ ಒಂದು ತುತ್ತು ಬಾಯಿಗಿಟ್ಟು, ರವೆ ಇನ್ನೊಂಚೂರು ಹುರಿಯಬೇಕಿತ್ತು ಎನ್ನುತ್ತಾರೆ. ಅತ್ತೆ ಮಗನ ಕಡೆ. ನಾನು ಯಜಮಾನರ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತೇನೆ, ಅವರು ತಿನ್ನುತ್ತಾರೆ.